ಹದಿನೈದನೇ ಸೀಟು

ಮಾರ್ಚ್ 3, ಬೆಳಿಗ್ಗೆ 8.50

ಮೊದಲ ಟ್ರಿಪ್ ಮುಗಿಯಿತು. ಎರಡನೆಯದಕ್ಕೆ ಇನ್ನೂ ಹೊತ್ತಿದೆ. ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದೆ. ಯಾರು ಓದಬೇಕು ಬಿಡು.

ಒಂಬತ್ತನೇ ಸೀಟಿನ ನಿದ್ದೆರಾಯರು ಇವತ್ತೂ ತಮ್ಮ ಸ್ಟಾಪ್ ದಾಟಿ ಕೊನೆಯವರೆಗೆ ಬಂದುಬಿಟ್ಟರು. ಎಬ್ಬಿಸಿದರೆ ನನ್ನ ಮೇಲೇ ರೇಗಾಟ.

ಕನ್ನಡಕದವರು ನೀರಿನ ಟ್ಯಾಂಕ್ ಸ್ಟಾಪಿನಲ್ಲಿ ಹತ್ತಿದರು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಅದಕ್ಕೆ ಆ ಹೆಸರು. ಇಟ್ಟವನು ನಾನು, ಅವರಿಗೆ ಗೊತ್ತಿಲ್ಲ. ಅವರ ಕಣ್ಣಿಗೆ ಕನ್ನಡಕವೂ ಇಲ್ಲ! ನನ್ನ ಪಕ್ಕದ ಮಡಚುವ ಸೀಟು ಬಿಡಿಸಿಕೊಂಡು ಕೂತರು.

"ಎರಡು ನಿಮಿಷ ಲೇಟು ಇವತ್ತು."

"ಸಿಗ್ನಲ್ಲು."

ಅಷ್ಟೇ ಮಾತು. ಸಂಜೆವರೆಗೆ ಸಾಕಾಗುತ್ತದೆ.

ಈ ಸೀಟಿನ ವಿಷಯ ಎಲ್ಲೂ ಬರೆದಿಲ್ಲ. ಎರಡು ವರ್ಷದ ಹಿಂದೆ ಅವರು ಹಿಂದುಗಡೆ ಕೂತು, ಹೊಟ್ಟೆ ತೊಳಸಿ, ಅರ್ಧ ದಾರಿಯಲ್ಲಿ ಇಳಿದು ನಡೆದುಕೊಂಡೇ ಹೋದರು. ಮರುದಿನವೇ ಗ್ಯಾರೇಜಿಗೆ ಹೋದೆ. ಗೇರ್ ಪಕ್ಕದ ಖಾಲಿ ಜಾಗ, ನಾಲ್ಕು ಬೋಲ್ಟು, ಮಡಚುವ ಸೀಟು. ಬೇರೆ ಯಾರಾದರೂ ಕೂರಲು ಬಂದರೆ "ಅದು ಮುರಿದಿದೆ" ಎನ್ನುತ್ತೇನೆ. ಐವತ್ತೊಂದು ವರ್ಷದ ಗಂಡಸು ಹೇಳುವ ಸುಳ್ಳೇ ಇದು!

ಮಾರ್ಚ್ 4

ಇನ್ಶೂರೆನ್ಸ್ ಏಜೆಂಟ್ ಮನೆಗೆ ಬಂದಿದ್ದ. ಶಾಲೆಯಲ್ಲಿ ನನ್ನ ಬೆಂಚಿನವನು. ಈ ವರ್ಷದ ಪಾಲಿಸಿ. ಪ್ರಯಾಣಿಕರಿಗೆ ಪೆಟ್ಟಾದರೆ ಕಂಪನಿ ನೋಡಿಕೊಳ್ಳುತ್ತದೆ — ಅದಿಲ್ಲದೆ ಮಿನಿಬಸ್ ರಸ್ತೆಗಿಳಿಸುವ ಹಾಗಿಲ್ಲ.

"ಸೀಟು ಹದಿನಾಲ್ಕೇ ತಾನೆ?"

"ಹದಿನಾಲ್ಕೇ."

ಸಹಿ ಹಾಕಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಅದು ನನ್ನ ತಲೆಯಲ್ಲಿ ಸೀಟು ಅಲ್ಲ, ಅವರ ಜಾಗ.

ಅವನು ಹೋದ ಮೇಲೆ ಅಕ್ಕ ಶುರುಮಾಡಿದಳು. "ಶರ್ಟಿಗೆ ದಿನಾ ಇಸ್ತ್ರಿ ಹಾಕ್ತೀಯಲ್ಲ, ಬಸ್ಸಿಗೇನು ಗಂಡು ನೋಡೋಕೆ ಬರ್ತಿದ್ದಾರಾ?" ಅವಳ ಬಾಯಿಗೆ ಬಿದ್ದರೆ ಮುಗಿಯಿತು. ಬೇಗ ಊಟ ಮುಗಿಸಿ ಎದ್ದೆ.

ಮಾರ್ಚ್ 19

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಹನ್ನೊಂದನೇ ತಾರೀಕು. ಮಾರ್ಕೆಟ್ ತಿರುವು. ತಳ್ಳುಗಾಡಿ ಅಡ್ಡ ಬಂತು. ಬ್ರೇಕ್. ಹಿಂದಿದ್ದ ಯಾರಿಗೂ ಏನೂ ಆಗಲಿಲ್ಲ, ನಿದ್ದೆರಾಯರು ಎದ್ದು "ಸ್ಟಾಪ್ ಬಂತಾ?" ಎಂದರು. ಮುಂದಿನ ಸೀಟಿಗೆ ಬೆಲ್ಟ್ ಇಲ್ಲ. ನಾನು ಹಾಕಿಸಿರಲಿಲ್ಲ. ಕನ್ನಡಕದವರು ಡ್ಯಾಶ್‌ಬೋರ್ಡಿಗೆ... ಎಡಗೈ ಮಣಿಕಟ್ಟು ಮುರಿದಿದೆ. ಮಂಡಿಚಿಪ್ಪು ಬಿರುಕು ಬಿಟ್ಟಿದೆ.

ಆಂಬುಲೆನ್ಸಿಗೆ ಹತ್ತಿಸುವಾಗ ನನ್ನನ್ನೇ ನೋಡುತ್ತಿದ್ದರು. ಒಂದು ಮಾತು ಹೇಳಬೇಕಿತ್ತು. ಅಷ್ಟರಲ್ಲಿ ಪೊಲೀಸರು ಲೈಸೆನ್ಸ್ ಕೇಳಿದರು.

ಸಂಜೆ ಏಜೆಂಟ್ ಫೋನ್. "ಆಸ್ಪತ್ರೆ ಕಡೆ ತಲೆ ಹಾಕ್ಬೇಡ. ಫೋನೂ ಮಾಡ್ಬೇಡ. ತಪ್ಪಾಯ್ತು ಅಂತ ನೀನು ಒಂದು ಮಾತು ಅಂದ್ರೆ ಸಾಕು, ಕಂಪನಿ ಕೈ ಎತ್ತಿಬಿಡುತ್ತೆ. ಪಾಲಿಸೀಲೇ ಇದೆ, ಓದ್ಕೋ."

ಓದಿದೆ. ಇದೆ. ಆರನೇ ಷರತ್ತು, ಇರುವೆಯಷ್ಟು ಸಣ್ಣ ಅಕ್ಷರ. ಕಂಪನಿಯ ಒಪ್ಪಿಗೆಯಿಲ್ಲದೆ ಗಾಯಾಳುವಿನ ಮುಂದೆ ತಪ್ಪೊಪ್ಪಿಕೊಳ್ಳಬಾರದು. ಅಂದರೆ ಅವರ ಕೈಕಾಲು ಸರಿಹೋಗಲು ಹಣ ಬರಬೇಕಾದರೆ ನಾನು ಬಾಯಿ ಹೊಲಿದುಕೊಂಡಿರಬೇಕು. ಎದುರು ಹೋದರೆ ನನ್ನ ಬಾಯಿಂದ ತಪ್ಪಾಯಿತು ಎನ್ನುವುದು ಬಿಟ್ಟು ಬೇರೇನೂ ಬರುವುದಿಲ್ಲ. ಅದು ನನಗೆ ಗೊತ್ತು. ಅದಕ್ಕೇ ಹೋಗಿಲ್ಲ.

ಮಾರ್ಚ್ 21

ಪೊಲೀಸರು ಹಿಡಿದಿಟ್ಟಿದ್ದ ಬಸ್ಸು ಬಿಟ್ಟುಕೊಟ್ಟರು. 7.40, ಅವರು ಹತ್ತುವ ಹೊತ್ತು, ಟ್ಯಾಂಕ್ ಸ್ಟಾಪ್. ಯಾರೂ ಇಲ್ಲ. ಆದರೂ ನಿಲ್ಲಿಸಿದೆ. "ಯಾರಿಗೆ ಕಾಯ್ತಿದೀರಿ?" ಎಂದು ಹಿಂದಿನಿಂದ ಯಾರೋ. ಗೇರ್ ಬೀಳುತ್ತಿಲ್ಲ ಎಂದೆ.

ಮಾರ್ಚ್ 22

ಏಜೆಂಟ್ ಬಸ್ಸು ನೋಡಲು ಬಂದ. ಮುಂದಿನ ಸೀಟು ಕಂಡದ್ದೇ ಮುಖ ಬಿಳಿಚಿಕೊಂಡಿತು.

"ಇದರ ಮೇಲೆ ಕೂತಿದ್ರಾ ಅವರು?"

"ಹೂಂ."

"ಹದಿನಾಲ್ಕು ಅಂತ ಸಹಿ ಹಾಕಿದೀಯಲ್ಲೋ! ಪಾಲಿಸೀಲಿ ಇಲ್ದಿರೋ ಸೀಟಿಗೆ ಒಂದು ಕಾಸೂ ಕೊಡಲ್ಲ. ಇವತ್ತೇ ಬಿಚ್ಚು. ಮೂರನೇ ಸೀಟಲ್ಲಿ ಕೂತಿದ್ರು ಅಂತ ಬರ್ಕೊಡು. ನಿನಗಲ್ಲಪ್ಪ, ಅವರಿಗೋಸ್ಕರ."

ಅವರಿಗೋಸ್ಕರ. ಆ ಮಾತಿಗೆ ಬಿದ್ದೆ.

ಮೂರು ಬೋಲ್ಟು ಸಲೀಸಾಗಿ ಬಂದವು. ನಾಲ್ಕನೆಯದು ತುಕ್ಕು ಹಿಡಿದು ಅರ್ಧ ಗಂಟೆ ಸತಾಯಿಸಿತು. ಸೀಟಿನ ಅಡಿಯಲ್ಲಿ ಕನ್ನಡಕ ಒರೆಸುವ ಹಳದಿ ಬಟ್ಟೆಯೊಂದು ಸಿಕ್ಕಿತು, ಅಂಗೈ ಅಗಲದ್ದು. ನನ್ನ ಬಳಿ ಕನ್ನಡಕವಿಲ್ಲ. ಜೇಬಿಗೆ ಹಾಕಿಕೊಂಡೆ.

ಸೀಟು ಮನೆಗೆ ತಂದು ಮಂಚದ ಕೆಳಗೆ ತಳ್ಳಿದೆ. ಅಕ್ಕ ನೋಡಿದಳು. ಹಳೇ ಸೀರೆಯೊಂದನ್ನು ತಂದು ಅದರ ಮೇಲೆ ಹೊದಿಸಿದಳು.

ಮಾರ್ಚ್ 23

ಬರೆದುಕೊಟ್ಟೆ. "ಮೂರನೇ ಸೀಟು." ಸಹಿ.

ಮಾರ್ಚ್ 30

ಅಕ್ಕ ನನಗೆ ಹೇಳದೆ ಆಸ್ಪತ್ರೆಗೆ ಹೋಗಿಬಂದಿದ್ದಾಳೆ. ಪಾಲಿಸಿಯಲ್ಲಿ ಅವಳ ಹೆಸರಿಲ್ಲವಂತೆ, ಅವಳು ಹೋಗಬಹುದಂತೆ!

"ಹೇಗಿದಾರೆ?"

"ಕೈಗೆ ಪ್ಲಾಸ್ಟರ್. ಮಾತು ಕಮ್ಮಿ. ಅವರಣ್ಣ ಇದ್ದಾರೆ ಜೊತೇಲಿ."

"ನಾನು ಯಾಕೆ ಬರಲಿಲ್ಲ ಅಂತ ಕೇಳಿದ್ರಾ?"

"ಇಲ್ಲ. ನಾನು ಹೋದಾಗ ನನ್ನ ಹಿಂದೆ ಇನ್ಯಾರಾದ್ರೂ ಬರ್ತಿದಾರಾ ಅಂತ ಬಾಗಿಲು ನೋಡಿದ್ರು. ಎರಡು ಸಲ."

ಕೇಳಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಏಪ್ರಿಲ್ 2

ಪಕ್ಕದಲ್ಲಿ ನಾಲ್ಕು ತೂತು. ಗೇರ್ ಹಾಕುವಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಅವರು ಇದ್ದಾಗ ಮಾತಾಡಿದ್ದಾದರೂ ಎಷ್ಟು? ಲೇಟು, ಸಿಗ್ನಲ್ಲು, ಸೆಕೆ. ಎರಡು ವರ್ಷದ ಮಾತು ಒಟ್ಟು ಮಾಡಿದರೂ ಒಂದು ಪುಟ ತುಂಬದು. ಅವರಿಲ್ಲದೆ ಆಗುತ್ತಿಲ್ಲ. ಇದನ್ನು ಇಲ್ಲಿ ಬರೆದರೆ ಯಾವ ಷರತ್ತೂ ಮುರಿಯುವುದಿಲ್ಲ.

ಏಪ್ರಿಲ್ 6, ಮಧ್ಯಾಹ್ನ

ಕಂಪನಿ ಆಫೀಸಿಗೆ ಕರೆಸಿದ್ದರು. ತನಿಖೆಯ ಮೇಡಂ ಮುಂದೆ ಎರಡು ಹಾಳೆ. ಒಂದು ನನ್ನದು.

"ಮೂರನೇ ಸೀಟು ಅಂತ ಬರೆದಿದೀರಿ."

"ಹೌದು ಮೇಡಂ."

"ಅವರು ಬರೆದಿದ್ದು ಓದ್ತೀನಿ, ಕೇಳಿ."

ಒಂದೊಂದು ಪದವೂ ನೆನಪಿದೆ. ಮರೆಯುವ ಮೊದಲು — ಮರೆಯುವುದೆಲ್ಲಿ ಬಂತು, ಆದರೂ ಬರೆದಿಡುತ್ತೇನೆ:

"ಎರಡು ವರ್ಷದಿಂದ ಡ್ರೈವರ್ ಪಕ್ಕದ ಮಡಚುವ ಸೀಟಿನಲ್ಲೇ ಕೂರುತ್ತೇನೆ. ಹಿಂದೆ ಕೂತರೆ ನನಗೆ ವಾಂತಿಯಾಗುತ್ತದೆ ಎಂದು ಅವರು ಹಾಕಿಸಿದ್ದು. ಆ ತೊಂದರೆ ಹೋಗಿ ಒಂದೂವರೆ ವರ್ಷವಾಯಿತು. ಅವರಿಗೆ ಹೇಳಿಲ್ಲ. ಹೇಳಿದರೆ ಹಿಂದೆ ಕೂರಬೇಕಾಗುತ್ತದೆ."

ಮೇಡಂ ಹಾಳೆ ಕೆಳಗಿಟ್ಟರು. "ಹೀಗೆ ಬರೆದ್ರೆ ದುಡ್ಡು ಬರಲ್ಲ ಅಂತ ಅವರಣ್ಣ ನನ್ನೆದುರೇ ಬೇಡ್ಕೊಂಡ್ರು. ಇವರು ಕೇಳಲಿಲ್ಲ, ಮೂರನೇ ಸೀಟಲ್ಲಿ ನಾನು ಒಂದು ದಿನಾನೂ ಕೂತಿಲ್ಲ ಅಂದ್ಬಿಟ್ರು."

ಅವರಿಗೋಸ್ಕರ ಎಂದು ನಾನು ಇಲ್ಲವೆಂದ ಸೀಟನ್ನು ಅವರು, ಮುರಿದ ಕೈ ಇಟ್ಟುಕೊಂಡು, ಇದೆ ಎಂದಿದ್ದಾರೆ.

"ಮೇಡಂ, ಬೇರೆ ಹಾಳೆ ಕೊಡ್ತೀರಾ?"

ಬರೆದೆ. ಮುಂದಿನ ಸೀಟು. ಹಾಕಿಸಿದ್ದು ನಾನು. ಬೆಲ್ಟ್ ಹಾಕಿಸಲಿಲ್ಲ. ಮೊದಲು ಬರೆದುಕೊಟ್ಟದ್ದು ಸುಳ್ಳು. ತಪ್ಪು ನನ್ನದು.

ಆ ಮಾತನ್ನು ಮೊದಲು ಓದಬೇಕಾದವರು ಮೇಡಂ ಅಲ್ಲ.

ಏಪ್ರಿಲ್ 17

ಕಂಪನಿ ಕಾಗದ ಬಂತು. ಕ್ಲೇಮ್ ತಿರಸ್ಕೃತ. ಏಜೆಂಟ್ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ಬೈಯಲಿ, ಅವನದೂ ತಪ್ಪಿಲ್ಲ. ಆಸ್ಪತ್ರೆಯದೆಲ್ಲ ನಾನೇ ಕಟ್ಟುತ್ತೇನೆಂದು ಅವರಣ್ಣನಿಗೆ ಬರೆದು ಕಳಿಸಿದೆ. ಎರಡನೇ ಬಸ್ಸಿಗೆಂದು ಕೂಡಿಟ್ಟ ದುಡ್ಡಿತ್ತು. ಹೋಯಿತು.

"ಬಾಯಿಗೆ ಹಾಕಿದ್ದ ಬೀಗ ಕಳಚಿತಲ್ಲ, ಇನ್ನೇನು? ಹೋಗು," ಎಂದಳು ಅಕ್ಕ.

ಹೇಗೆ ಹೋಗಲಿ? ಯಾವ ಮುಖ ಹೊತ್ತುಕೊಂಡು? ಮೂರು ಎಂದು ಬರೆದವನು ನಾನು. ಬರೀ ಬಾಯಿಮಾತು ಹೊತ್ತುಕೊಂಡು ಹೋಗುವುದಿಲ್ಲ.

ಮೇ 9

ಓಡಾಡಿ ಓಡಾಡಿ ಚಪ್ಪಲಿ ಸವೆಯಿತು. ಗ್ಯಾರೇಜ್, ಸಾರಿಗೆ ಕಚೇರಿ, ಮತ್ತೆ ಗ್ಯಾರೇಜ್. ಮಡಚುವ ಸೀಟು ಹಾಕುವ ಹಾಗಿಲ್ಲ ಎಂದರು, ಮಡಚದ್ದು ಹಾಕಿಸಿದೆ. ಬೆಲ್ಟ್ ಹಾಕಿಸಿದೆ. ಹಳೆಯ ಸೀಟಿನ ಹೊದಿಕೆಯನ್ನೇ ಇದಕ್ಕೂ ಹೊಲಿಸಿದೆ, ಅದು ಬೇರೆ ವಿಷಯ. ಇವತ್ತು ಬಸ್ಸಿನ ಕಾಗದದಲ್ಲಿ ಮುದ್ರೆ ಬಿತ್ತು.

ಪಾಲಿಸಿ ತಿದ್ದಲು ಏಜೆಂಟ್ ಬಂದ. ಸಿಟ್ಟು ಇಳಿದಿದೆ.

"ಸೀಟು ಎಷ್ಟು?"

"ಹದಿನೈದು."

ಬರೆದುಕೊಂಡ. ಪೆನ್ನು ಮುಚ್ಚಿದ. "ಅವರು ಬರದೇ ಇದ್ರೆ?"

ಪಾಲಿಸಿ ಮಡಚಿ ಬಸ್ಸಿನ ಕಾಗದದ ಜೊತೆ ಇಟ್ಟೆ.

ಮೇ 10, ಭಾನುವಾರ, ಬೆಳಿಗ್ಗೆ 7.40

ಅವರ ಬೀದಿ. ಖಾಲಿ ಬಸ್ಸು. ಮನೆ ಎದುರಿಗೇ ನಿಲ್ಲಿಸಿದ್ದೇನೆ. ಇಳಿಯಬೇಕು. ಅದರ ಬದಲು ಕೂತು ಬರೆಯುತ್ತಿದ್ದೇನೆ. ಹಳದಿ ಬಟ್ಟೆಯಿಂದ ಮುಂದಿನ ಗಾಜು ಎರಡು ಸಲ ಒರೆಸಿದೆ. ಮೊದಲು ತಪ್ಪಾಯಿತು ಎನ್ನಬೇಕು. ಆಮೇಲೆ ಮೂರನೇ ಸೀಟಿನ ಸುಳ್ಳು. ಆಮೇಲೆ... ಆಮೇಲಿನದು ಬಾಯಿಗೆ ಬಂದರೆ ಬರಲಿ.

ಮನೆ ಬಾಗಿಲು ತೆರೆಯಿತು. ಅವರೇ. ಕೋಲು ಹಿಡಿದಿದ್ದಾರೆ. ಕೈಗೆ ಪ್ಲಾಸ್ಟರ್ ಇಲ್ಲ. ಇಳಿಯುತ್ತಿದ್ದಾರೆ. ಒಂದು ಮೆಟ್ಟಿಲು. ಇನ್ನೊಂದು.

ನನ್ನನ್ನು ನೋಡುತ್ತಿಲ್ಲ. ಗಾಜಿನ ಹತ್ತಿರ ಬಗ್ಗಿ ನನ್ನ ಪಕ್ಕದ ಜಾಗ ನೋಡುತ್ತಿದ್ದಾರೆ.

ಇದೆ ರೀ, ಇದೆ. ಬಾಗಿಲು ತೆಗೆಯಬೇಕು —