ಅಣ್ಣನಾಗಿಬಿಟ್ಟ ಮಾರ್ಗದರ್ಶಕರು

...ಮದುವೆಯ ಹಾಗೆ ಎಂದಿರೋ, ಮದುವೆಗಿಂತ ಕಷ್ಟ ಎಂದಿರೋ, ಈಗ ಸರಿಯಾಗಿ ನೆನಪಿಲ್ಲ. ಹೊಸದಾಗಿ ಪಿಎಚ್.ಡಿ.ಗೆ ಸೇರಿದವರನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ, ಮಾರ್ಗದರ್ಶಕರನ್ನು ಆರಿಸಿಕೊಳ್ಳುವ ಬಗ್ಗೆ ತಾವು ಹಾಗೇನೋ ಅಂದಿರಿ, ನಾವು ನಕ್ಕೆವು. ಮಾನ್ಯ ಡೀನ್ ಅವರೇ, ಆ ಮಾತನ್ನು ತಾವಾದರೂ ನಂಬಿದ್ದರೆ ನಾನು ಇದನ್ನು ಪತ್ರಿಕೆಗೆ ಬರೆಯಬೇಕಾಗುತ್ತಿರಲಿಲ್ಲ. ಮದುವೆಯಂತೆ ಎಂದಮೇಲೆ ಯಾವ ಊರು, ಯಾರ ಮನೆತನ ಎಂದು ಮೊದಲು ಕೇಳಬೇಡವೇ? ತಮ್ಮ ಕೈಪಿಡಿಯಲ್ಲಿ 'ಸಮಾನ ಆಸಕ್ತಿ' ಇದೆ, 'ಕೆಲಸದ ಶೈಲಿ' ಇದೆ. ಊರು ಎಂಬ ಪದವೇ ಇಲ್ಲ. ನಾನು ಕೈಪಿಡಿಯನ್ನು ನಂಬಿ, ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಒಂದು ಫೋಟೋ ನೋಡಿ, ನನ್ನ ಅಣ್ಣನನ್ನೇ ಮಾರ್ಗದರ್ಶಕರನ್ನಾಗಿ ಆರಿಸಿಕೊಂಡೆ. ಈ ತಿಂಗಳ ಕೊನೆಯೊಳಗೆ ಅವರೊಂದಿಗೆ ಸಮಿತಿಯ ಎದುರು ಮುಖಾಮುಖಿ ಚರ್ಚಿಸದಿದ್ದರೆ ನನ್ನ ನೋಂದಣಿ ರದ್ದು ಎಂದು ತಮ್ಮ ಕಚೇರಿ ಈಗ ತಿಳಿಸಿದೆ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಅವರ ತಂದೆ, ನನ್ನ ತಂದೆ ಒಂದೇ ಮನೆತನದ ಕವಲುಗಳು. ನಮ್ಮ ಕಡೆ ಅಷ್ಟು ಸಾಕು. ಬುದ್ಧಿ ಬಂದಮೇಲೆ ಅಂಥ ಅಣ್ಣ ತಂಗಿ ಪರಸ್ಪರ ಮಾತಾಡುವುದಿಲ್ಲ, ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ಹೆಸರು ಹೇಳುವುದಿಲ್ಲ. ಆದ್ದರಿಂದಲೇ ಇಲ್ಲಿ ಅವರ ಹೆಸರಿಲ್ಲ. ಇದು ಸಿಟ್ಟಲ್ಲ, ಅದರ ತದ್ವಿರುದ್ಧ. ತಾವು ಫಿಜಿಯಲ್ಲಿ ಎಷ್ಟೋ ಕಾಲದಿಂದ ಇದ್ದೀರಿ, ಕಾವಾ ಬೇರಿನ ಪಾನೀಯದ ಬಟ್ಟಲು ಕೈಗೆ ಬಂದಾಗ ಎಲ್ಲಿ ಚಪ್ಪಾಳೆ ತಟ್ಟಬೇಕೆಂದು ನಮಗಿಂತ ಚೆನ್ನಾಗಿ ಬಲ್ಲಿರಿ. ತಮಗೆ ವಿವರಿಸುವುದು ಅವಿನಯ.

ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಬಾರದೆಂದು ಸುವಾ ಮಾರುಕಟ್ಟೆಯಿಂದ ಕಾವಾ ಬೇರಿನ ಕಟ್ಟು ಒಯ್ದಿದ್ದೆ. ಅವರ ಕೋಣೆಯ ನೆಲದಲ್ಲಿ ಕುಳಿತು, ಅದನ್ನು ಮುಂದಿಟ್ಟು, ಕ್ರಮದಂತೆ ತಂದೆಯ ಊರು, ಮನೆತನ ಹೇಳಿದೆ. ಅವರು ಬೇರನ್ನು ಮುಟ್ಟಿ ಸ್ವೀಕರಿಸಿ ಚಪ್ಪಾಳೆ ತಟ್ಟತೊಡಗಿದವರು ನಡುವೆ ನಿಲ್ಲಿಸಿದರು. "ನಮ್ಮಪ್ಪಾನೂ ಅದೇ ಮನೆಯೋರು," ಎಂದು ಗೋಡೆಗೆ ಹೇಳಿದರು. ಎದ್ದು ಹೊರಗೆ ಹೋದರು. ಅದು ಅವರದೇ ಕೋಣೆ. ಕಿಟಕಿಯಿಂದ ನೋಡಿದರೆ ಮಾವಿನ ಮರದ ಕೆಳಗೆ ನಿಂತು ನಾನು ಹೊರಡುವುದನ್ನು ಕಾಯುತ್ತಿದ್ದರು. ನಾನು ಹೊರಡಬೇಕಾದರೆ ಅವರೆದುರೇ ಹಾದುಹೋಗಬೇಕು, ಅದು ತಪ್ಪು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸುತ್ತಾ ಸಂಜೆಯಾಯಿತು.

ಬದಲಾಯಿಸಿಕೊಳ್ಳಬಹುದಿತ್ತಲ್ಲ ಎನ್ನುವಿರಿ. ನನ್ನ ವಿಷಯವಾದ, ಕಡಲಂಚಿನ ಕಾಂಡ್ಲಾ ಕಾಡಿನ ಕೆಸರೇಡಿಗಳ ಬಗ್ಗೆ, ಅವನ್ನು ಹಿಡಿಯುವ ಹೆಂಗಸರ ಬಗ್ಗೆ ಬಲ್ಲವರು ಈ ವಿಶ್ವವಿದ್ಯಾಲಯದಲ್ಲಿ ಅವರೊಬ್ಬರೇ. ಆದರೂ ತಮ್ಮ ಕಚೇರಿಗೆ ಹೋದೆ. ಅಲ್ಲಿನ ಶೈಲೇಶ್ನಿ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದಳು.

"ಅಕ್ಕಾ, ಕಾರಣ ಅನ್ನೋ ಜಾಗದಲ್ಲಿ ನಾಲ್ಕೇ ಇರೋದು. ನಿವೃತ್ತಿ, ಕಾಯಿಲೆ, ಕಿರುಕುಳ, ಸಾವು. ನಿಮ್ದು ಯಾವ್ದು?"

"ಅಣ್ಣ."

"ಅಣ್ಣ ಅನ್ನೋದು ಬರಲ್ಲ ಇದ್ರಲ್ಲಿ. ಕಿರುಕುಳ ಹಾಕ್ಲಾ?"

"ಥೂ! ಅವ್ರು ನಂಗೆ ಮರ್ಯಾದೆ ಕೊಡ್ತಿದಾರೆ ಕಣೇ."

"ಮರ್ಯಾದೆಗೂ ಜಾಗ ಇಲ್ಲ ಅಕ್ಕಾ. ನಾನೂ ಎಷ್ಟೋ ಸಲ ಹುಡುಕಿದೀನಿ."

ಈಮೇಲ್ ಇದೆಯಲ್ಲ ಎಂದೂ ಕೇಳುವಿರಿ. ಬಾಯಿಗಿರುವ ತಡೆ ಬೆರಳಿಗಿಲ್ಲವೆಂದು ನಮ್ಮ ಹಿರಿಯರು ಹೇಳಿಹೋಗಿಲ್ಲ. ಅವರು ಒಂದು ದಾರಿ ಹುಡುಕಿದರು: ನನ್ನೊಬ್ಬಳಿಗೆ ಬರೆಯದೆ ಇಡೀ ವಿಶ್ವವಿದ್ಯಾಲಯಕ್ಕೆ ಬರೆದರು. 'ಯಾರಾದರೂ ಏಡಿಗಳ ಬಗ್ಗೆ ಬರೆಯುತ್ತಿದ್ದಲ್ಲಿ, ಎರಡನೆಯ ಕೋಷ್ಟಕ ತಲೆಕೆಳಗಾಗಿರುವುದನ್ನು ಗಮನಿಸುವುದು ಒಳಿತು.' ಅರ್ಥಶಾಸ್ತ್ರದವರು ಕೂಡ ಗಾಬರಿಯಿಂದ ತಮ್ಮ ಕೋಷ್ಟಕಗಳನ್ನು ತಿರುಗಿಸಿ ನೋಡಿದರಂತೆ. ಅದೇ ವಾರ ತಮ್ಮ ಕಚೇರಿ ಸಾಮೂಹಿಕ ಈಮೇಲ್ ನಿಷೇಧಿಸಿತು.

ಆಮೇಲೆ ವಥಿಸೆವಾ ಬಂದಳು. ವಿಭಾಗದ ಮುಖ್ಯಸ್ಥರು ಸಹ ಮಾರ್ಗದರ್ಶಕಿಯನ್ನಾಗಿ ನೇಮಿಸಿದ ಇವಳು ಏಡಿಯನ್ನು ತಟ್ಟೆಯಲ್ಲಿ ಮಾತ್ರ ಬಲ್ಲಳು. ಆದರೆ ನಮ್ಮಿಬ್ಬರಿಗೂ ಸೋದರಮಾವನ ಮಗಳ ಸಾಲಿನವಳು, ಇಬ್ಬರೊಂದಿಗೂ ಮಾತಾಡಬಹುದು. ಬರೀ ಮಾತಾಡುವುದಲ್ಲ, ಕೀಟಲೆ ಮಾಡಲೇಬೇಕು. ಅದು ಅವಳ ಹಕ್ಕಲ್ಲ, ಕರ್ತವ್ಯ. ಅವರು ಬಾಗಿಲು ಓರೆ ಮಾಡಿಕೊಂಡು ಒಳಗೆ, ನಾನು ಪಡಸಾಲೆಯ ಬೆಂಚಿನ ಮೇಲೆ, ಅವಳು ಮರಗೆಣಸಿನ ಕೇಕು ತಿನ್ನುತ್ತಾ ನಡುವೆ.

"ಏನೇ ಅತ್ತಿಗೆ, ಈ ಅಧ್ಯಾಯ ಓದೋದಕ್ಕಿಂತ ಏಡಿ ಕೈಲಿ ಕಚ್ಚಿಸ್ಕೊಳ್ಳೋದು ವಾಸಿ ಅಂತಾನೆ ನಿಮ್ಮಣ್ಣ."

"ಅದ್ರಲ್ಲಿ ಅವ್ರದೆಷ್ಟು, ನಿಂದೆಷ್ಟು?"

"ಏಡಿ ಅವ್ನದು. ಕಚ್ಚೋದು ನಂದು."

"ತಿದ್ದಿ ತರ್ತೀನಿ ಅಂತ ಹೇಳು."

ಅವಳು ಒಳಗೆ ಹೋಗಿ, ಪಡಸಾಲೆಗೆಲ್ಲ ಕೇಳುವಂತೆ, "ಲೋ ಮುದುಕಾ, ಮೊದ್ಲು ಕನ್ನಡಕ ಒರೆಸ್ಕೊಂಡು ಓದು ಅಂತಾಳೆ ನಿನ್ ತಂಗಿ," ಎಂದಳು. ಒಳಗಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ನನ್ನ ಪ್ರಬಂಧ ಮುಂದುವರಿದದ್ದು ಹೀಗೆ. ಮೂರು ಅಧ್ಯಾಯಗಳಾದವು. ನನ್ನ ಮಗಳು, "ಈಗ ಯಾರಮ್ಮಾ ಇದ್ನೆಲ್ಲ ಪಾಲಿಸ್ತಾರೆ?" ಎಂದು ನಗುತ್ತಾಳೆ. ನನಗೂ ತಿಳಿಯದು. ಹಿಂದೆ ಬ್ರಿಸ್ಬೇನಿನಲ್ಲಿ ಎಂ.ಎ. ಮಾಡುವಾಗ ಮಾರ್ಗದರ್ಶಕರು ವಾರವಾರವೂ ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು. ಕೊನೆಯವರೆಗೂ ನನ್ನನ್ನು ಬೇರೆ ಯಾರೋ ಎಂದುಕೊಂಡಿದ್ದರು. ತಮ್ಮ ಕೈಪಿಡಿ ಆರೋಗ್ಯಕರ ಎನ್ನುವುದು ಅಂಥ ಸಂಬಂಧವನ್ನು. ನನ್ನನ್ನು ನೋಡದಿರಲು ಈ ಅಣ್ಣ ಪಡುವಷ್ಟು ಶ್ರಮವನ್ನು ನನ್ನನ್ನು ನೋಡಿದವರು ಯಾರೂ ಪಟ್ಟದ್ದಿಲ್ಲ.

ಈಗ ವಥಿಸೆವಾ ಅಧ್ಯಯನ ರಜೆಯ ಮೇಲೆ ಆಕ್ಲೆಂಡಿಗೆ ಹೋಗಿದ್ದಾಳೆ. ರಜೆಯಲ್ಲಿರುವವರು ಮಾರ್ಗದರ್ಶನ ಮಾಡುವಂತಿಲ್ಲ ಎಂಬುದು ತಮ್ಮದೇ ನಿಯಮ. ಪಡಸಾಲೆ ಮೌನವಾಗಿದೆ. ನಾನು ಬೆಂಚಿನ ಮೇಲೆ ಕೂರುತ್ತೇನೆ, ಬಾಗಿಲು ಓರೆಯಾಗುತ್ತದೆ, ಮತ್ತೇನೂ ಆಗುವುದಿಲ್ಲ. ತಮ್ಮ ಸಮಿತಿ ಇದನ್ನು 'ಸಂವಹನದ ಕೊರತೆ' ಎಂದು ದಾಖಲಿಸಿದೆ. ಮನೆಯ ಕಟ್ಟಳೆಗಳನ್ನು ಗೇಟಿನಲ್ಲೇ ಬಿಟ್ಟು ಬನ್ನಿ ಎಂದು ತಾವು ಹೇಳಿಕಳಿಸಿದಿರಿ. ಬಿಡಲು ನೋಡಿದೆ. ಗೇಟಿನ ಕಾವಲುಗಾರ ನನಗೆ ಚಿಕ್ಕಪ್ಪನಾಗಬೇಕು.

ಸಮಿತಿಯ ಎದುರು ನಾವಿಬ್ಬರೂ ಕೂತರೆ ಏನಾಗುತ್ತದೆಂದು ತಾವು ಯೋಚಿಸಿದ್ದೀರಾ? ಅವರು ತಲೆತಗ್ಗಿಸುತ್ತಾರೆ. ನಾನೂ ತಗ್ಗಿಸುತ್ತೇನೆ. ಇದಕ್ಕಿಂತ ಹೆಚ್ಚಿನ ಒಮ್ಮತವನ್ನು ಯಾವ ಸಮಿತಿ ಕಂಡಿದೆ? ಆದರೂ ಸೋತವಳು ನಾನು ಎಂದು ಬರೆದುಕೊಳ್ಳುವಿರಿ, ಮತ್ತು ತಂಗಿ ನನ್ನಿಂದಲೇ ಸೋತಳು ಎಂದು ಅವರು ಸಾಯುವವರೆಗೆ ಕೊರಗುವರು.

ಆದ್ದರಿಂದ ನನ್ನ ನೋಂದಣಿಯನ್ನು ಮುಟ್ಟಬೇಡಿ. ಬೆಂಚಿನ ಮೇಲೆ ಕಳೆದ ಹೊತ್ತನ್ನು ಭೇಟಿಯೆಂದು ಒಪ್ಪಿಕೊಳ್ಳಿ. ವಥಿಸೆವಾ ಮರಳುವವರೆಗೆ ನಮ್ಮಿಬ್ಬರಿಗೂ ಕೀಟಲೆ ಮಾಡಬಲ್ಲ ಒಬ್ಬರನ್ನು ನೇಮಿಸಿ. ಸೋದರಮಾವನ ಕಡೆಯವರಾಗಿರಬೇಕು, ಪಿಎಚ್.ಡಿ. ಇದ್ದರೂ ಅಡ್ಡಿಯಿಲ್ಲ. ಮುಂದಿನ ವರ್ಷ ಸಭಾಂಗಣದಲ್ಲಿ ಮದುವೆಯ ಮಾತೆತ್ತಿದಾಗ, ದಯವಿಟ್ಟು ಊರು ಕೇಳಿ.

ಇಂತಿ,
ಮಾರ್ಗದರ್ಶನಕ್ಕೆ ಕೊರತೆಯಿಲ್ಲದ, ಮಾರ್ಗ ಮಾತ್ರ ಕಾಣದ
ಅಲುಮಿತಾ ತಮಾನಿ

ಇದರ ಕೆಳಗಿನದು ತಮಗಲ್ಲ, ಡೀನ್ ಅವರೇ. ವಥಿಸೆವಾ, ನೀನು ಹೊರಡುವ ಮುಂಚಿನ ವಾರ, ಎಲ್ಲ ಬಿಟ್ಟು ಮೊದಲಿನಂತೆ ಶಾಲೆಯಲ್ಲಿ ಪಾಠ ಹೇಳಲು ಹೋಗುತ್ತೇನೆ ಎಂದು ನಾನು ಅಳುತ್ತಿದ್ದೆ. ನೀನು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೀಟಲೆ ಮಾಡಲಿಲ್ಲ. "'ಈ ಮೂರನೇ ಅಧ್ಯಾಯ ನಾನು ಬರೀಬೇಕು ಅಂತಿದ್ದೆ, ಆಗ್ಲಿಲ್ಲ, ತಂಗಿ ಬರೆದ್ಲಲ್ಲ' ಅಂದ ನಿಮ್ಮಣ್ಣ," ಎಂದೆ ನೀನು. ಆ ಒಂದು ಮಾತನ್ನು ಹಿಡಿದು ನಾನು ಈವರೆಗೆ ನಿಂತಿದ್ದೇನೆ. ಫೋನಿನಲ್ಲಿ ಕೇಳಿದಾಗಲೆಲ್ಲ ನಕ್ಕು ಮಾತು ಮರೆಸುತ್ತೀ, ಅದಕ್ಕೇ ಊರೆದುರು ಕೇಳುತ್ತಿದ್ದೇನೆ: ಅವತ್ತು ಆ ಬಾಗಿಲಿನ ಒಳಗೆ ಅವರು ನಿಜಕ್ಕೂ ಆ ಮಾತು ಅಂದರೇನೇ, ಇಲ್ಲ ಅದೂ ನಿನ್ನದೇ?