ನಾಲ್ಕು ಅಡಿ ಮೂರು ಇಂಚು

ಚಾಮರಾಜಪೇಟೆ, ಬೆಂಗಳೂರು
28 ಜೂನ್ 2025, ಶನಿವಾರ

ಪ್ರೀತಿಯ ಗೋದಾ,

ನಮ್ಮ ಮನೆ ಬೆಳೆಯುವ ಹುಡುಗಿಗೆ ಸಾಲದು ಎಂದು ವರದಿಯಾಗಿದೆ. ಗುರುವಾರ ಸಂಜೆ ನ್ಯಾಯಾಲಯದ ಕಡೆಯಿಂದ ಬಂದ ಅಧಿಕಾರಿ ಟೇಪು ಹಿಡಿದು ಅಳೆದುಕೊಂಡು ಹೋಗಿದ್ದರು. ಅವರು ಬರೆದದ್ದನ್ನು ನಿನ್ನೆ ನಮ್ಮ ವಕೀಲ ಶಿವರುದ್ರಪ್ಪನವರು ಫೋನಿನಲ್ಲಿ ಓದಿ ಹೇಳಿದರು. ನಿನ್ನ ಕಣ್ಣಿನ ಆಪರೇಷನ್ ಏನಾಯಿತು ಎಂದು ಕೇಳುವ ಮೊದಲೇ ನನ್ನದನ್ನು ತೋಡಿಕೊಂಡೆ, ಬೇಜಾರು ಮಾಡಿಕೊಳ್ಳಬೇಡ. ಯುಗಾದಿಗೆ ನೀನು ಬರೆದ ಕಾಗದಕ್ಕೂ ಉತ್ತರ ಹಾಕಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ನಾನು ಆಡಿದ ಮಾತೆಲ್ಲ ಚೈತನ್ಯಾಳಿಗೆ ಕೇಳುತ್ತದೆ, ಬಚ್ಚಲಲ್ಲಿ ನಿಂತು ಪಿಸುಗುಟ್ಟಿದರೂ. ಮೆಸೇಜ್ ಹಾಕಿದರೆ ಅವಳೇ ಓದುತ್ತಾಳೆ, ಶಾಲೆಯ ಹೋಮ್‌ವರ್ಕೆಲ್ಲ ಬರುವುದು ನನ್ನ ಫೋನಿಗೇ. ಇವತ್ತು ನಾಲ್ಕನೇ ಶನಿವಾರ, ನನಗೆ ಆಫೀಸಿಲ್ಲ. ಅವಳು ಹನ್ನೆರಡೂವರೆಗೆ ಶಾಲೆಯಿಂದ ಬರುತ್ತಾಳೆ. ಅಷ್ಟರೊಳಗೆ ಬರೆದು ಮುಗಿಸಿ ಅಂಚೆ ಡಬ್ಬಕ್ಕೆ ಹಾಕಬೇಕು.

ನಿನಗೆ ಅರ್ಧ ವಿಷಯ ಗೊತ್ತು. ನನ್ನ ತಂಗಿ ರಂಜಿನಿ, ಅವಳ ಗಂಡ ಮೂರ್ತಿ ಇಬ್ಬರೂ ಆ ಅಪಘಾತದಲ್ಲಿ ಹೋದಾಗ ಅವರ ಮಗು ಚೈತನ್ಯಾಳಿಗೆ ನಾಲ್ಕು ವರ್ಷ. ಮೂರ್ತಿಯ ತಂದೆ ಶ್ರೀನಿವಾಸಯ್ಯನವರ ಹೆಂಡತಿ ಆಗ ಹಾಸಿಗೆ ಹಿಡಿದಿದ್ದರು. “ಸದ್ಯಕ್ಕೆ ನಿನ್ ಹತ್ರ ಇರ್ಲಮ್ಮ” ಎಂದರು ಶ್ರೀನಿವಾಸಯ್ಯನವರು. ಆ ಸದ್ಯಕ್ಕೆ ಆರು ವರ್ಷವಾಯಿತು. ಆಕೆ ಹೋದ ವರ್ಷ ತೀರಿಕೊಂಡರು. ಹನುಮಂತನಗರದ ಮನೆಯಲ್ಲಿ ಈಗ ಅವರು, ದೊಡ್ಡ ಮಗನ ಸಂಸಾರ, ಮತ್ತು ಖಾಲಿಯಾದ ಒಂದು ಕೋಣೆ. ಮೊಮ್ಮಗಳನ್ನು ತಮಗೆ ಒಪ್ಪಿಸಬೇಕೆಂದು ಫೆಬ್ರವರಿಯಲ್ಲಿ ಅರ್ಜಿ ಹಾಕಿದರು. ಹಾಕುವ ಮೊದಲು ನನಗೆ ಫೋನ್ ಮಾಡಿದ್ದರು. “ನಿನ್ ಮೇಲೆ ಕೋಪ ಇಲ್ಲ ಗಂಗಾ. ಹುಡುಗಿ ದೊಡ್ಡೋಳಾಗ್ತಿದಾಳೆ. ಹಾಕ್ಕೊಳ್ಳೋಕೆ ಅವಳಿಗೊಂದು ಬಾಗಿಲು ಬೇಡ್ವಾ?” ಕೆಟ್ಟವರಲ್ಲ ಅವರು. ಅದೇ ಕಷ್ಟ.

ಅರ್ಜಿಯ ಜೊತೆ ಅವರು ಕೊಟ್ಟಿರುವ ದಾಖಲೆ ನನ್ನದೇ ಲೇಖನ. ಎರಡು ವರ್ಷದ ಹಿಂದೆ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಓದುಗರ ಪುಟಕ್ಕೆ, ‘ಇನ್ನೂರು ಚದರಡಿಯಲ್ಲಿ ಹಾಯಾಗಿ’ ಎಂದು ಬರೆದಿದ್ದೆನಲ್ಲ. ಕಳಿಸು ಕಳಿಸು ಎಂದು ನೀನೇ ಬೆನ್ನು ಬಿದ್ದಿದ್ದೆ. ಅದು ಬಂದ ದಿನ ಶ್ರೀನಿವಾಸಯ್ಯನವರು ಹತ್ತು ಪ್ರತಿ ಕೊಂಡು ನೆಂಟರಿಗೆಲ್ಲ ಹಂಚಿ, ಒಂದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದರು. ಅದೇ ಪ್ರತಿ ಈಗ ಕಡತದಲ್ಲಿದೆ.

ಅದರಲ್ಲಿ ಒಂದು ಸಾಲೂ ಸುಳ್ಳಿಲ್ಲ. ಗೋಡೆಗೆ ಮಡಚುವ ಮೇಜು ಊಟಕ್ಕೂ ಪಾಠಕ್ಕೂ ಇಸ್ತ್ರಿಗೂ ಆಗುತ್ತದೆ. ಬಟ್ಟೆ ಒಣಗುವುದು ತಲೆಯ ಮೇಲೆ, ಹಗ್ಗ ಸಡಿಲಿಸಿದರೆ ಕೆಳಗಿಳಿಯುತ್ತದೆ. ಕೂತಲ್ಲಿಂದಲೇ ಒಲೆ, ನಲ್ಲಿ, ರೇಡಿಯೊ ಮೂರೂ ಕೈಗೆ ಸಿಗುತ್ತವೆ. ಬೆಳಿಗ್ಗೆ ಏಳರಿಂದ ಎಂಟೂಕಾಲರವರೆಗೆ ಮನೆ ತುಂಬ ಬಿಸಿಲು. ಇಷ್ಟು ಮನೆ ತುಂಬಲು ಎಷ್ಟು ಬಿಸಿಲು ಬೇಕು. ನಮ್ಮಿಬ್ಬರಿಗೆ ಇಲ್ಲಿ ಏನೂ ಕಡಿಮೆ ಇರಲಿಲ್ಲ ಗೋದಾ. ಲೇಖನದ ಕೊನೆಯಲ್ಲಿ ಹೀಗೆ ಬರೆದಿದ್ದೆ: ‘ನಮ್ಮಮ್ಮನ ಮರದ ಪೆಟ್ಟಿಗೆಯ ಮೇಲೆ ಹಾಸಿಗೆ ಹಾಸಿದರೆ ಅದೇ ಹುಡುಗಿಯ ಮಂಚ. ಪೆಟ್ಟಿಗೆ ನಾಲ್ಕು ಅಡಿ ಮೂರು ಇಂಚು, ಹುಡುಗಿಯೂ ಅಷ್ಟೇ. ಅಳತೆ ಕೊಟ್ಟು ಮಾಡಿಸಿದ ಹಾಗಿದೆ.’ ಆ ಸಾಲುಗಳಿಗೆ ಅವರ ವಕೀಲರು ಕೆಂಪು ಗೆರೆ ಹೊಡೆದಿದ್ದಾರೆ.

ಗುರುವಾರ ಬಂದ ಅಧಿಕಾರಿ ಆರಾಧನಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಲಕ್ಕಿ ಕೊಟ್ಟೆ, ತಿಂದರು. ಮೇಜು ಮಡಚಿ ತೋರಿಸಿದೆ, ಹಗ್ಗ ಇಳಿಸಿ ತೋರಿಸಿದೆ. “ತುಂಬಾ ಚೆನ್ನಾಗಿ ಇಟ್ಕೊಂಡಿದೀರ ಮೇಡಂ, ನಮ್ಮನೇನೂ ಇಷ್ಟು ನೀಟಾಗಿಲ್ಲ” ಎಂದರು. ಗೆದ್ದೆ ಅಂದುಕೊಂಡೆ. ಆಮೇಲೆ ಮಗುವಿಗೆ ಪೆಟ್ಟಿಗೆಯ ಮೇಲೆ ಮಲಗಿ ತೋರಿಸಲು ಹೇಳಿದರು. ಚೈತನ್ಯಾ ಗೋಡೆ ಕಡೆ ತಿರುಗಿ, ಮೊಣಕಾಲು ಹೊಟ್ಟೆಗೆ ಸೇರಿಸಿ ಮಲಗಿದಳು.

“ಕಾಲು ಚಾಚು ಪುಟ್ಟಾ.”

“ನಂಗೆ ಹಿಂಗೇ ಅಭ್ಯಾಸ ಆಂಟಿ.”

“ಒಂದ್ಸಲ ಚಾಚಮ್ಮ, ನೋಡೋಣ.”

ಅವಳು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಚಾಚಿದಳು. ಎರಡು ಪಾದವೂ ಪೆಟ್ಟಿಗೆ ದಾಟಿ ಗಾಳಿಯಲ್ಲಿ ನಿಂತವು. ಆರಾಧನಾ ಟೇಪು ಬಿಚ್ಚಿದರು. ನಾಲ್ಕು ಅಡಿ ಎಂಟು ಇಂಚು.

ಆರಡಿ ಮಂಚ ಹಾಕಿಸಿ ಫೋಟೊ ಕಳಿಸಿದರೆ ಏನಾದರೂ ವಾದ ಮಾಡಬಹುದು ಎನ್ನುತ್ತಾರೆ ಶಿವರುದ್ರಪ್ಪನವರು. ನೆಲಕ್ಕೆ ಹಳೇ ಪೇಪರು ಹಾಸಿ ಮಂಚದ ಜಾಗ ನೋಡಿದೆ. ಒಂದು ಕಡೆ ಹಾಕಿದರೆ ಬಚ್ಚಲ ಬಾಗಿಲು ನಾಲ್ಕು ಬೆರಳಷ್ಟೇ ತೆರೆಯುತ್ತದೆ. ಇನ್ನೊಂದು ಕಡೆ ಹಾಕಿದರೆ ಒಲೆಯ ಮುಂದೆ ನಿಲ್ಲಲಾಗುವುದಿಲ್ಲ. ಮತ್ತೊಂದು ಕಡೆ ಹಾಕಿದರೆ ನನ್ನ ಚಾಪೆಗೆ ಜಾಗವಿಲ್ಲ. ಅದಕ್ಕೆ ನಾನು ಸಿದ್ಧ, ಕೂತೇ ನಿದ್ದೆ ಮಾಡಬಲ್ಲೆ. ಆದರೆ ನೀವೆಲ್ಲಿ ಮಲಗುತ್ತೀರಿ ಎಂದು ನ್ಯಾಯಾಲಯದವರು ಕೇಳಿದರೆ ಏನು ಹೇಳಲಿ? ಬೇರೆ ಮನೆಗಳನ್ನೂ ನೋಡಿಬಂದೆ. ನನ್ನ ಸಂಬಳಕ್ಕೆ ಸಿಗುವುದು ಊರಾಚೆ. ಅಲ್ಲಿಂದ ಅವಳ ಶಾಲೆಗೆ ಎರಡು ಬಸ್ಸು ಬದಲಾಯಿಸಬೇಕು. ಅದನ್ನೂ ಶ್ರೀನಿವಾಸಯ್ಯನವರ ವಕೀಲರು ಬರೆದುಕೊಳ್ಳುತ್ತಾರೆ.

ನಿನ್ನನ್ನು ಏನು ಕೇಳಬೇಕೆಂದು ತಿಳಿಯದೆಯೇ ಬರೆಯುತ್ತಿದ್ದೇನೆ. ಇದು ಹಾಸನ ಮುಟ್ಟುವಷ್ಟರಲ್ಲಿ ಸೋಮವಾರದ ವಿಚಾರಣೆ ಮುಗಿದಿರುತ್ತದೆ. ಆದರೂ ಒಬ್ಬರಿಗಾದರೂ ಗೊತ್ತಿರಲಿ. ಅವಳ ಚೀಲ, ಅವಳ ಚಪ್ಪಲಿ, ಅವಳ ತಟ್ಟೆ ಹೋದರೆ ಈ ಮನೆಯಲ್ಲಿ ಎಷ್ಟು ಜಾಗವಾಗುತ್ತದೆ ಎಂದು ನಿನ್ನೆಯಿಂದ ಲೆಕ್ಕ ಹಾಕುತ್ತಿದ್ದೇನೆ. ಬೇಡವೆಂದರೂ ಮನಸ್ಸು ಅದನ್ನೇ ಅಳೆಯುತ್ತದೆ.

ನಿನ್ನ ಮೊಮ್ಮಗ ಅಭಿರಾಮನಿಗೆ ನನ್ನ ಆಶೀರ್ವಾದ ಹೇಳು. ಕಾಲು ನೀಡಿ ಮಲಗಲಿ, ಎತ್ತರವಾಗಿ ಬೆಳೆಯಲಿ.

ನಿನ್ನ
ಗಂಗರತ್ನ

ತಾ.ಕ.: ಒಂದನ್ನು ಬಿಟ್ಟೆ. ಬೇಕೆಂದೇ ಬಿಟ್ಟೆ. ಪ್ರತಿ ಯುಗಾದಿಗೂ ಎಣ್ಣೆ ಹಚ್ಚಿ ನೀರು ಹಾಕಿ, ಹೊಸ ಉದ್ದಲಂಗ ಉಡಿಸಿ, ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಅವಳ ಎತ್ತರ ಗುರುತು ಮಾಡುತ್ತೇನೆ, ನಮ್ಮಮ್ಮ ನನಗೂ ರಂಜಿನಿಗೂ ಮಾಡುತ್ತಿದ್ದ ಹಾಗೆ. ಲೇಖನ ಬಂದ ಮೇಲಿನ ಎರಡು ಯುಗಾದಿಗೂ ಗೆರೆ ನಾಲ್ಕು ಅಡಿ ಮೂರು ಇಂಚಿನಲ್ಲೇ ಬಿತ್ತು. ರಂಜಿನಿಯೂ ಗಿಡ್ಡ, ಇವಳೂ ಹಾಗೇ ಎಂದುಕೊಂಡೆ. ಶಾಲೆಯ ಲಂಗದ ಅಂಚನ್ನು ಎರಡು ಸಲ ನಾನೇ ಬಿಚ್ಚಿ ಇಳಿಸಿದ್ದೇನೆ. ಆದರೂ ಗೆರೆಯನ್ನೇ ನಂಬಿದೆ.

ಆರಾಧನಾ ಹೋದ ಮೇಲೆ ಅವಳನ್ನು ಕೇಳಿದೆ. ಲಂಗದೊಳಗೆ ಮೊಣಕಾಲು ಬಗ್ಗಿಸಿಕೊಂಡು ನಿಲ್ಲುತ್ತಿದ್ದಳಂತೆ. ಯಾಕೆ ಎಂದೆ. “ನೀನೇ ಹೇಳಿದ್ಯಲ್ಲ ದೊಡ್ಡಮ್ಮ, ಪೆಟ್ಟಿಗೆಗಿಂತ ಉದ್ದ ಆದ್ರೆ ತಾತನ ಮನೆಗೆ ಕಳಿಸಿಬಿಡ್ತೀನಿ ಅಂತ.”

ಹೇಳಿದ್ದೆ. ಲೇಖನ ಬಂದ ಭಾನುವಾರ, ಮನೆಗೆ ಬಂದವರ ಎದುರು, ನಗಿಸಲು ಹೇಳಿದ್ದೆ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಸೋಮವಾರ, ಮೂವತ್ತನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ಮಗುವನ್ನು ಕರೆತರಬೇಕೆಂದು ನೋಟಿಸಿನಲ್ಲಿದೆ. ನ್ಯಾಯಾಧೀಶರು ಮೊದಲು ಅವಳೊಬ್ಬಳನ್ನೇ ಒಳಗೆ ಕರೆದು ಮಾತಾಡಿಸುತ್ತಾರೆ.