ಹಳದಿ ಕೋಟಿನವನ ಹೆಸರು

ನೆಲ್ಸನ್ ಆಸ್ಪತ್ರೆ
ಶನಿವಾರ, ಮಧ್ಯಾಹ್ನ ಮೂರು

ಅಪ್ಪಾ,

ನನಗೇನೂ ಆಗಿಲ್ಲ. ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಈ ಚೀಟಿಯನ್ನು ಬೆಟ್ಟಕ್ಕೆ ಬರುವ ಬಸ್ಸಿನವನ ಕೈಲಿ ಕಳಿಸುತ್ತಿದ್ದೇನೆ.

ಬೆಳಿಗ್ಗೆ ಬೆಟ್ಟ ಹತ್ತಿಸುವ ಸ್ಕೀ ಲಿಫ್ಟಿನಲ್ಲಿ ಮೂವರು ಅಪರಿಚಿತರು ಜೊತೆಯಾದರು. ಹಿಮದಲ್ಲಿ ಜಾರುತ್ತಾ, ಮರಗಳ ನಡುವೆ ನಿಂತಾಗಲೆಲ್ಲ ಒಂದೇ ಗಾಂಜಾ ಸಿಗರೇಟು ಹಂಚಿಕೊಂಡೆವು. ಹೌದಪ್ಪಾ, ನಾನೂ ಸೇದಿದೆ. ಆಮೇಲೆ ಬೈಯುವೆಯಂತೆ. ಅವರಲ್ಲಿ ಹಳದಿ ಕೋಟಿನವನು, ಸಿಗರೇಟು ನನ್ನ ಕೈಗೆ ಬಂದಾಗಲೆಲ್ಲ, "ಏನಮ್ಮಾ, ಮನೆಗೆ ತಗೊಂಡ್ ಹೋಗ್ತೀಯಾ? ಈ ಕಡೆ ಕೊಡು!" ಎಂದು ರೇಗಿಸುತ್ತಿದ್ದ.

ಕೊನೆಯ ಸಲ ಸಿಗರೇಟು ನನ್ನ ಕೈಗೆ ತೀರಾ ಬೇಗ ವಾಪಸು ಬಂತು. ಅವನಿಲ್ಲವೆಂದು ತಿಳಿದದ್ದೇ ಆಗ. ವಾಪಸು ಹತ್ತಿ ಹುಡುಕಿದರೆ, ಮೇಲೊಂದು ಮರದ ಬುಡದಲ್ಲಿ, ಹಿಮದೊಳಗೆ ತಲೆಕೆಳಗಾಗಿ ಹೂತುಹೋಗಿದ್ದ. ಕೈಯಲ್ಲೇ ತೋಡಿ ತೆಗೆದೆವು. ಉಸಿರಿದೆ, ಎಚ್ಚರವಿಲ್ಲ.

ನರ್ಸ್ ಅವನ ಹೆಸರು ಕೇಳಿದರೆ ನಮ್ಮ ಮೂವರಿಗೂ ಗೊತ್ತಿಲ್ಲ. ಅವನ ಜೇಬಿನಲ್ಲಿ ಲೈಟರ್ ಬಿಟ್ಟು ಏನೂ ಇಲ್ಲ. ನಮ್ಮಲ್ಲಿ ಕಾರಿನಲ್ಲಿ ಬಂದವನು ಅವನೊಬ್ಬನೇ. ಸಂಜೆ ನೀನು ಬೆಟ್ಟದ ಪಾರ್ಕಿಂಗ್ ಗೇಟು ಹಾಕುವಾಗ ಯಾವ ಕಾರು ಉಳಿದಿರುತ್ತದೋ ನೋಡಿ, ಹೆಸರು ಪತ್ತೆಮಾಡಿ ಇಲ್ಲಿಗೆ ಫೋನ್ ಮಾಡು.

ಎಚ್ಚರವಾಗಲು ಹೆಸರು ಹಿಡಿದು ಕೂಗುತ್ತಿರಿ ಎಂದಿದ್ದಾರೆ ನರ್ಸ್. ಹೆಸರು ಸಿಗುವವರೆಗೆ ಸರದಿಯ ಮೇಲೆ ಅವನ ಕಿವಿಯಲ್ಲಿ ಕೂಗುತ್ತಿದ್ದೇವೆ: "ಏನಪ್ಪಾ, ಮನೆಗೆ ತಗೊಂಡ್ ಹೋಗ್ತೀಯಾ? ಈ ಕಡೆ ಕೊಡು!"

ನಿನ್ನ ಮಗಳು,
ಬ್ರಿನ್